ಎಡಕ್ಕೆ ತೂಗಿದ ತೊಟ್ಟಿಲು

ಚಹಾ ನಡುಗುವುದು ನಿಂತಿತು.

ಮಾರ್ಗರೆಟ್ ಬಾಯಿಯವರು ಲೋಟಕ್ಕೆ ಕೈ ಹಾಕಲಿಲ್ಲ. ಮೊಣಕೈ ಮೇಜಿಗೆ ತಗಲದಂತೆ ಹಿಂದಕ್ಕೆ ಸರಿದು ಕುಳಿತು ಹಾಲಿಲ್ಲದ ಆ ಸುಲೈಮಾನಿ ಚಹಾವನ್ನೇ ನೋಡಿದರು. ಇಷ್ಟು ಹೊತ್ತು ಅದರ ಮೇಲೆ ಎರಡು ಸೆಕೆಂಡಿಗೊಂದು ಸಣ್ಣ ಉಂಗುರ ಏಳುತ್ತಿತ್ತು. ಈಗ ಒಂದೂ ಇಲ್ಲ. ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

"ಪಕ್ಕದ ಸೈಟಿನವರು ಊಟಕ್ಕೆ ಹೋದ್ರಾ ಅಸೀಲಾ?"

"ಊಟಕ್ಕೆ ಮಾತ್ರ ಅಲ್ಲ ಆಂಟಿ. ಮಿಡ್‌ಡೇ ಬ್ರೇಕ್ ಸುರು ಆಗಿದೆಯಲ್ಲ. ಮೂರು ಗಂಟೆವರೆಗೆ ಖಲಾಸ್."

ಜೂನ್ ಹದಿನೈದರಿಂದ ಮೂರು ತಿಂಗಳು ಬಿಸಿಲಿನಲ್ಲಿ ದುಡಿಯುವವರಿಗೆ ಹನ್ನೆರಡೂವರೆಯಿಂದ ಮೂರರವರೆಗೆ ವಿಶ್ರಾಂತಿ ಕೊಡಲೇಬೇಕು, ಅದು ಸರಕಾರದ ಕಾನೂನು. ಇಪ್ಪತ್ತನಾಲ್ಕು ವರ್ಷ ಎಸಿಯೊಳಗೆ ಕುಳಿತವರಿಗೆ ಹೊರಗಿನ ಬಿಸಿಲಿನ ಕಾನೂನು ನೆನಪಿರುವುದುಂಟೇ? ಮಾರ್ಗರೆಟ್ ಬಾಯಿಗೂ ಮರೆತೇ ಹೋಗಿತ್ತು. ಪಕ್ಕದ ಜಾಗದಲ್ಲಿ ನೆಲಕ್ಕೆ ಕಂಬ ಹೊಡೆಯುವ ಯಂತ್ರ ಫೆಬ್ರವರಿಯಿಂದ ಬಡಿಯುತ್ತಲೇ ಇದ್ದುದರಿಂದ, ಆ ಸದ್ದು ನಿಂತದ್ದೂ ಅವರ ಕಿವಿಗೆ ಬಿದ್ದಿರಲಿಲ್ಲ. ಚಹಾವೇ ಹೇಳಿಕೊಟ್ಟ ಮೇಲೆ ಗೊತ್ತಾಯಿತು.

ಅವರಿಗೆ ಒಳಗೊಳಗೇ ಖುಷಿಯಾಯಿತು. ಎರಡು ದಿನ ಹುಡುಕಿದ್ದು ಮೂಗಿನ ಕೆಳಗೇ ಇತ್ತು.

"ಹದಿನೆಂಟನೇ ತಾರೀಕಿನ ಗೆರೆ ತೆಗಿ," ಎಂದರು.

ಏಪ್ರಿಲ್‌ನಲ್ಲಿ ಕೆಲಸದಿಂದ ನಿವೃತ್ತರಾಗಿ, ಗಂಡ ಜೆರಾಲ್ಡ್‌ನ ವೀಸಾದ ಮೇಲೆ ಅಲ್ ನಹ್ದಾದ ಮನೆಯಲ್ಲಿ ಮೀನುಸಾರು ಮಾಡಿಕೊಂಡು ನೆಮ್ಮದಿಯಾಗಿದ್ದ ಅವರನ್ನು ಅಲ್ ಕೂಝ್‌ನ ಈ ಲ್ಯಾಬ್‌ಗೆ ಮತ್ತೆ ಎಳೆದು ತಂದದ್ದು ಆ ಒಂದು ಗೆರೆ. ಸೋಮವಾರ ಲ್ಯಾಬ್‌ನ ಮಾಲೀಕ ಮೊಹಿಯುದ್ದೀನ್ ಸಾಹೇಬರೇ ಫೋನ್ ಮಾಡಿ ಕರೆಸಿದ್ದರು. ಅಬುಧಾಬಿಯ ಮುಸಫ್ಫಾದಲ್ಲಿರುವ ಎರಕದ ಕಾರ್ಖಾನೆಯೊಂದು ಅಲ್ಯೂಮಿನಿಯಂ ಮಿಶ್ರಲೋಹದ ಮಾದರಿ ಕಳಿಸಿತ್ತು. ಲೋಹ ಚೆನ್ನಾಗಿ ಹರಿಯುತ್ತದೆ ಎಂದು ಲ್ಯಾಬ್ ಸರ್ಟಿಫಿಕೇಟ್ ಕೊಟ್ಟಿತು. ಕಾರ್ಖಾನೆಯವರು ನಂಬಿ ಎರಕ ಹೊಯ್ದರು. ಲೋಹ ಅಚ್ಚಿನ ಮೂಲೆ ಮೂಲೆಗೆ ಹೋಗದೆ ನಡುದಾರಿಯಲ್ಲೇ ಹೆಪ್ಪುಗಟ್ಟಿ, ಇನ್ನೂರು ಎಸಿ ಕಂಪ್ರೆಸರ್ ಕವಚಗಳು ಗುಜರಿಗೆ ಬಿದ್ದವು. ಸರ್ಟಿಫಿಕೇಟ್ ಮೇಲೆ ಅಸೀಲಾಳ ಸಹಿ ಇತ್ತು.

ಅಸೀಲಾಗೆ ಇಪ್ಪತ್ತಾರು ವರ್ಷ. ಅಂಗಡಿ ವ್ಯಾಪಾರವೇ ಉಸಿರಾಗಿದ್ದ ಭಟ್ಕಳದ ಮನೆತನದಲ್ಲಿ ಲ್ಯಾಬ್ ಕೋಟು ಹಾಕಿದ ಮೊದಲ ಹೆಣ್ಣು. ದೇರಾದಲ್ಲಿ ಅತ್ತರಿನ ಅಂಗಡಿ ಇಟ್ಟಿರುವ ಗಂಡ ಉಬೈದ್ ದಿನಾ ಬೆಳಗ್ಗೆ ಅವಳನ್ನು ಇಲ್ಲಿ ಇಳಿಸಿ ಹೋಗುತ್ತಿದ್ದ. ನಾಳೆ ಗುರುವಾರ ಹತ್ತು ಗಂಟೆಗೆ ಮುಸಫ್ಫಾದವರು ಬರುತ್ತಾರೆ. ಅಷ್ಟರೊಳಗೆ ಬೇರೆ ಸತ್ಯ ಸಿಗದಿದ್ದರೆ ಅವಳ ವೀಸಾ ರದ್ದು, ಮೇಲೆ ಬ್ಯಾನ್. ಸುಳ್ಳು ಅಳತೆ ಬರೆದವಳೆಂದು ಹೆಸರು ಬಿದ್ದ ಮೇಲೆ ಯಾವ ಲ್ಯಾಬ್ ಕರೆದೀತು?

ಅವಳು ಹೇಳುತ್ತಿದ್ದುದು ಒಂದೇ ಮಾತು. ಹದಿನೆಂಟರಂದು ಮಧ್ಯಾಹ್ನ ಒಂದೂವರೆಗೆ ತಾನು ಅಳೆದಾಗ ಲೋಹ ಕೆಟ್ಟದ್ದೇ ಆಗಿತ್ತು. ತೊಟ್ಟಿಲು ಮೂವತ್ತು ತೂಗಿಗೇ ನಿಂತಿತು. ಕಂಪ್ಯೂಟರ್‌ನಲ್ಲಿ ಮಾತ್ರ ಅದೇ ದಿನ, ಅದೇ ಹೊತ್ತಿನ ಹೆಸರಿನಲ್ಲಿ ಐವತ್ತೆರಡು ತೂಗಿನ ಚೆಂದದ ಗೆರೆ ಕುಳಿತಿತ್ತು.

ತೊಟ್ಟಿಲು ಎಂದರೆ ಲ್ಯಾಬ್‌ನ ಹಳೆಯ ಯಂತ್ರ. ಮಂಗಳೂರಿನವರು ಇಟ್ಟ ಹೆಸರು, ಫಿಲಿಪ್ಪೀನೋಗಳ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಕುಲುಮೆಯೊಳಗೆ ಸಣ್ಣ ಲೋಟದಷ್ಟು ಪಾತ್ರೆ ಒಂದೇ ತಂತಿಯಲ್ಲಿ ತೂಗುತ್ತಿರುತ್ತದೆ. ಅದರಲ್ಲಿ ಲೋಹ ಕರಗಿಸಿ, ಮೇಲಿನ ಹಿಡಿಯನ್ನು ಒಂದು ಬದಿಗೆ ತಿರುಗಿಸಿ ಬಿಟ್ಟರೆ ಪಾತ್ರೆ ಆ ಕಡೆ ಈ ಕಡೆ ತಿರುಗಾಡುತ್ತದೆ. ಲೋಹ ನೀರಿನಂತೆ ತೆಳುವಾಗಿದ್ದರೆ ತುಂಬ ಹೊತ್ತು ಆಡುತ್ತದೆ. ಕಸ ಸೇರಿ ಅಂಟಾಗಿದ್ದರೆ ಬೇಗ ಸುಸ್ತಾಗುತ್ತದೆ. ಪ್ರತಿ ತೂಗಿನಲ್ಲೂ ಎಷ್ಟು ಕಡಿಮೆಯಾಯಿತು ಎನ್ನುವುದರಿಂದ ಲೋಹದ ಸ್ನಿಗ್ಧತೆ ಲೆಕ್ಕ ಹಾಕುವುದು. ಪಕ್ಕದ ಪೆನ್ನು ಅದನ್ನೆಲ್ಲ ಅಲೆಅಲೆಯಾದ ಗೆರೆಯಾಗಿ ಬರೆಯುತ್ತದೆ, ಕಂಪ್ಯೂಟರ್ ಅದರ ನಕಲು ಇಟ್ಟುಕೊಳ್ಳುತ್ತದೆ.

ಹದಿನೆಂಟರ ಮೂಲ ಕಾಗದ ಎಲ್ಲೂ ಸಿಕ್ಕಿರಲಿಲ್ಲ. ಮಾರ್ಗರೆಟ್ ಬಾಯಿ ಕಂಪ್ಯೂಟರ್‌ನಿಂದ ತೆಗೆದ ನಕಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಯ ಉದ್ದಕ್ಕೂ ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ಕಚ್ಚುಗಳಿದ್ದವು. ಒಂದು ತೂಗಿಗೆ ಎರಡು. ಇದನ್ನು ಅವರು ಸೋಮವಾರವೇ ನೋಡಿದ್ದರು. ಹಳೆಯ ಪೆನ್ನಿನ ಚಾಳಿ ಎಂದು ಬಿಟ್ಟಿದ್ದರು.

"ಈಗ, ಈ ನಿಮಿಷ, ಒಂದು ಒಳ್ಳೆಯ ತುಂಡು ಕರಗಿಸಿ ತೂಗು," ಎಂದರು. ಬೆಳಗ್ಗೆ ಹನ್ನೊಂದಕ್ಕೆ ಇಬ್ಬರೂ ಸೇರಿ, ಅಸೀಲಾಳ ಕೈಯಿಂದಲೇ ಹಿಡಿ ತಿರುಗಿಸಿ, ಒಂದು ಗೆರೆ ತೆಗೆದಿದ್ದರು, ಹೋಲಿಸಲು ಅದು ಇತ್ತು.

ಒಂದೂಕಾಲಿಗೆ ಹೊಸ ಗೆರೆ ಕೈಗೆ ಬಂತು. ಬೆಳಗ್ಗಿನದಕ್ಕೆ ಹಲ್ಲಿತ್ತು. ಮಧ್ಯಾಹ್ನದ್ದು ಎಣ್ಣೆ ಹಚ್ಚಿ ಬಾಚಿದ ಕೂದಲಿನಷ್ಟು ನುಣುಪು.

ಹದಿನೆಂಟರ ಒಂದೂವರೆಯ ಗೆರೆಗೆ ಹಲ್ಲು ಬಂದದ್ದು ಹೇಗೆ? ಕಂಬ ಹೊಡೆಯುವ ಯಂತ್ರ ಆಗ ನಿದ್ದೆ ಮಾಡುತ್ತಿತ್ತಲ್ಲ.

ಅಸೀಲಾ ಕಾಗದಗಳನ್ನು ನೋಡಿದಳು, ಮಾರ್ಗರೆಟ್ ಬಾಯಿಯನ್ನು ನೋಡಿದಳು. ಕುರ್ಚಿಯ ಮೇಲೆ ಕುಳಿತು ಸ್ವಲ್ಪ ಅತ್ತಳು. ಅದು ಹಗುರಾದ ಅಳು. ಮಾರ್ಗರೆಟ್ ಬಾಯಿ ಅವಳ ತಲೆ ಸವರಿ, ನೆಮ್ಮದಿಯಿಂದ ತಣ್ಣಗಾದ ಚಹಾ ಕುಡಿದರು. ಇಷ್ಟು ರುಚಿಯಾದ ತಣ್ಣನೆ ಚಹಾವನ್ನು ಅವರು ಕುಡಿದೇ ಇರಲಿಲ್ಲ.

ಆದರೆ ಅವಸರ ಮಾಡುವ ಹೆಂಗಸಲ್ಲ. ಛತ್ರಿ ಹಿಡಿದು ಪಕ್ಕದ ಸೈಟಿಗೆ ಹೋದರು. ಅಲ್ಲಿನ ಸೇಫ್ಟಿ ಆಫೀಸರ್ ಶರ್ವಿನ್ ಬಂಟ್ವಾಳದವನು. ಕನ್ನಡ ಕೇಳಿದ್ದೇ ತಡ, ಮಜ್ಜಿಗೆಯಂಥ ತಣ್ಣನೆ ಲಬನ್ ಕೊಟ್ಟು ಕೂರಿಸಿ, ರಿಜಿಸ್ಟರ್ ತೆರೆದು ತೋರಿಸಿದ. ಹದಿನೆಂಟು, ಮಂಗಳವಾರ. ಯಂತ್ರ ನಿಂತದ್ದು ಹನ್ನೆರಡೂವರೆಗೆ, ಮತ್ತೆ ಹೊಡೆದದ್ದು ಮೂರು ಐದಕ್ಕೆ. ಇನ್‌ಸ್ಪೆಕ್ಟರ್ ಅದೇ ದಿನ ಬಂದು ಸಹಿ ಹಾಕಿ ಹೋಗಿದ್ದರು. ಮಾರ್ಗರೆಟ್ ಬಾಯಿ ಮೊಬೈಲ್‌ನಲ್ಲಿ ಆ ಪುಟದ ಫೋಟೋ ಹೊಡೆದುಕೊಂಡರು.

ಇನ್ನು ಉಳಿದದ್ದು ಟ್ರೆವರ್.

ಟ್ರೆವರ್ ಲ್ಯಾಬ್ ಮ್ಯಾನೇಜರ್. ಆರು ವರ್ಷದಿಂದ ಅದೇ ಕ್ಯಾಬಿನ್, ಅದೇ ಹೊಳೆಯುವ ಶೂ. ಲೋಹ ಕೆಟ್ಟದ್ದೆಂದು ಅಸೀಲಾ ಆ ದಿನ ಹೋಗಿ ಹೇಳಿದ್ದು ಅವನಿಗೇ. ಮತ್ತೊಮ್ಮೆ ಅಳೆದು ನೋಡು ಎಂದು ಕಳಿಸಿದ್ದನಂತೆ. ಮರುದಿನ ಅವಳು ಬರುವಷ್ಟರಲ್ಲಿ, ಕಂಪ್ಯೂಟರ್‌ನಲ್ಲಿ ಇಟ್ಟಿದ್ದ ಅವಳ ಸಹಿಯೊಂದಿಗೆ ಸರ್ಟಿಫಿಕೇಟ್ ಹೊರಟುಹೋಗಿತ್ತು. ಬಾಗಿಲು ಮುಚ್ಚಿ ಮಾರ್ಗರೆಟ್ ಬಾಯಿ ಮೂರೂ ಗೆರೆಗಳನ್ನು ಅವನ ಮುಂದೆ ಹರಡಿದರು. ಚಹಾದ ಕಥೆಯಿಂದ ಹಿಡಿದು ರಿಜಿಸ್ಟರ್‌ವರೆಗೆ ನಿಧಾನವಾಗಿ ಹೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ. ಅವರು ಕಾದರು. ಟ್ರೆವರ್ ಹೆಗಲು ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡ.

"ಕೆಲವು ಕೆಲಸಕ್ಕೆ ಮಧ್ಯಾಹ್ನವೂ ಪರ್ಮಿಟ್ ಕೊಡ್ತಾರೆ ಬಾಯಿ."

ಅವರು ಮೊಬೈಲ್ ಮುಂದೆ ಹಿಡಿದರು. ಅವನು ಓದಿದ, ತಲೆ ಆಡಿಸಿದ.

"ಸರಿ. ಇದು ಆ ಹೊತ್ತಿನ ಗೆರೆ ಅಲ್ಲ. ಒಪ್ಪಿದೆ."

"ಅಷ್ಟು ಸುಲಭಕ್ಕೆ ಒಪ್ಪಿದಿಯಾ?"

"ಸತ್ಯ ಇದ್ರೆ ಒಪ್ಪದೆ ಎಂತ ಮಾಡುವುದು? ಅವತ್ತು ಅವಳು ಬಂದು ಕೆಟ್ಟ ಲೋಹ ಅಂತ ಹೇಳಿದ್ದು ಹೌದು. ಇನ್ನೊಮ್ಮೆ ನೋಡು ಅಂದೆ. ಸಂಜೆ ಮೊಹಿಯುದ್ದೀನ್ ಸಾಹೇಬರು ಸರ್ಟಿಫಿಕೇಟ್ ಅರ್ಜೆಂಟ್ ಅಂದ್ರು. ಕಂಪ್ಯೂಟರ್ ತೆರೆದೆ, ಒಳ್ಳೆ ಗೆರೆ ಇತ್ತು. ಅವಳೇ ಪುನಃ ತೂಗಿದ್ದಾಳೆ ಅಂತ ಗ್ರಹಿಸಿದೆ, ಕಳಿಸಿದೆ. ನನ್ನ ತಪ್ಪು ಅಷ್ಟೇ."

ಹೇಳಿ ಅವನು ಪೆನ್ಸಿಲ್ ಎತ್ತಿಕೊಂಡ. ಅದರ ತುದಿಯನ್ನು ಹದಿನೆಂಟರ ಗೆರೆಯ ಆರಂಭದ ಮೇಲೆ ಇಟ್ಟ.

"ನೀವು ಹಲ್ಲು ನೋಡಿದ್ರಿ. ಗೆರೆ ಎಲ್ಲಿಂದ ಸುರು ಆಗ್ತದೆ ಅಂತ ನೋಡ್ಲಿಲ್ಲ."

ಇವತ್ತಿನ ಎರಡು ಗೆರೆಗಳೂ ಮೊದಲು ಮೇಲಕ್ಕೆ ಏರಿ ಆಮೇಲೆ ಇಳಿದಿದ್ದವು. ಹಿಡಿಯನ್ನು ಬಲಕ್ಕೆ ತಿರುಗಿಸಿ ಬಿಟ್ಟರೆ ಹಾಗೆ. ಹದಿನೆಂಟರದ್ದು ಮೊದಲೇ ಕೆಳಕ್ಕೆ ಇಳಿದಿತ್ತು. ಎಡಕ್ಕೆ ತಿರುಗಿಸಿ ಬಿಟ್ಟದ್ದು.

"ಈ ಲ್ಯಾಬ್‌ನಲ್ಲಿ ತೊಟ್ಟಿಲನ್ನು ಎಡಕ್ಕೆ ತೂಗುವವರು ಒಬ್ಬರೇ ಬಾಯಿ."

ಮಾರ್ಗರೆಟ್ ಬಾಯಿಯ ಕೈ ತಾನಾಗಿ ಬಲಗಡೆಯ ಭುಜಕ್ಕೆ ಹೋಯಿತು. ಒಂಬತ್ತು ವರ್ಷದ ಹಿಂದೆ ಮೆಟ್ಟಿಲಿನಿಂದ ಬಿದ್ದು ಸೆಳೆತ ಹಿಡಿದ ಭುಜ. ಅಂದಿನಿಂದ ಅವರು ಹಿಡಿಯನ್ನು ಎಡಗೈಯಲ್ಲಿ, ಎಡಕ್ಕೇ ತಿರುಗಿಸುತ್ತಿದ್ದರು. ಅಳತೆಗೆ ಅದರಿಂದ ಏನೂ ವ್ಯತ್ಯಾಸವಿಲ್ಲ, ಹಾಗಾಗಿ ಯಾರೂ ತಕರಾರು ಮಾಡಿರಲಿಲ್ಲ. ಹೆಗಲು ಮುಟ್ಟಿಕೊಂಡದ್ದು ಕೊನೆಗೆ ತಾನೇ ಎಂದು ಹೊಳೆದು ಅವರು ಕೈ ಕೆಳಗಿಳಿಸಿದರು.

ಐವತ್ತೆರಡು. ಆ ಸಂಖ್ಯೆ ಎರಡು ದಿನದಿಂದ ಕಣ್ಣ ಮುಂದಿದ್ದರೂ ಗುರುತು ಸಿಕ್ಕಿರಲಿಲ್ಲ. ಏಪ್ರಿಲ್‌ನ ಕೊನೆಯ ಗುರುವಾರ, ಬೀಳ್ಕೊಡುಗೆಯ ದಿನ, ಕೇಕ್ ಕತ್ತರಿಸುವ ಮೊದಲು ಎಲ್ಲರೂ ಒತ್ತಾಯ ಮಾಡಿ ಅವರಿಂದ ಕೊನೆಯದಾಗಿ ತೊಟ್ಟಿಲು ತೂಗಿಸಿದ್ದರು. ಇದೇ ಮಿಶ್ರಲೋಹದ ಶುದ್ಧ ತುಂಡು. ಸುತ್ತ ನಿಂತವರು ಜೋರಾಗಿ ಎಣಿಸಿದ್ದರು. ಐವತ್ತೆರಡಕ್ಕೆ ಚಪ್ಪಾಳೆ ತಟ್ಟಿದ್ದರು. ಆಗ ಮಿಡ್‌ಡೇ ಬ್ರೇಕ್ ಇರಲಿಲ್ಲ, ಹೊರಗೆ ಕಂಬ ಹೊಡೆಯುತ್ತಲೇ ಇದ್ದರು.

ಅವರಿಗೆ ನಾಚಿಕೆಯಾಯಿತು, ಬೆನ್ನಹಿಂದೆಯೇ ಹೆದರಿಕೆಯೂ ಆಯಿತು. ತನ್ನ ಕೈಯ ಅತ್ಯುತ್ತಮ ಕೆಲಸವನ್ನೇ ತೆಗೆದು ಯಾರೋ ಆ ಹುಡುಗಿಯ ಕುತ್ತಿಗೆಗೆ ಕಟ್ಟಿದ್ದರು.

"ಮೇ ತಿಂಗಳಲ್ಲಿ ಹಳೆ ಕಂಪ್ಯೂಟರ್ ಸತ್ತಿತು," ಎಂದ ಟ್ರೆವರ್. "ಅದರಲ್ಲಿದ್ದ ನಿಮ್ಮ ಫೈಲ್ ಎಲ್ಲ ಹೋಯ್ತು. ಇನ್ನೊಂದು ಕಾಪಿ ಇರುವುದು ಎಲ್ಲಿ ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು."

ಗೊತ್ತಿತ್ತು. ಬೀಳ್ಕೊಡುಗೆಯ ದಿನ ಮೊಹಿಯುದ್ದೀನ್ ಸಾಹೇಬರು ಅವರ ಇಪ್ಪತ್ತನಾಲ್ಕು ವರ್ಷದ ಆಯ್ದ ಗೆರೆಗಳನ್ನು, ಆ ಕೊನೆಯದನ್ನೂ ಸೇರಿಸಿ, ಒಂದು ಪೆನ್‌ಡ್ರೈವ್‌ಗೆ ಹಾಕಿಸಿ ನೆನಪಿನ ಕಾಣಿಕೆ ಎಂದು ಎಲ್ಲರೆದುರು ಕೊಟ್ಟಿದ್ದರು. ಚಿನ್ನದ ನಾಣ್ಯ ಕೊಟ್ಟಿದ್ದರೂ ಅವರಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಮನೆಯಲ್ಲಿ ಬಾಲಯೇಸುವಿನ ಪ್ರತಿಮೆಯ ಹಿಂದೆ, ಜಪಮಾಲೆಯ ಡಬ್ಬಿಯಲ್ಲಿ ಇಟ್ಟಿದ್ದರು.

"ನಾಳೆ ಮುಸಫ್ಫಾದವರಿಗೆ ಇದನ್ನು ತೋರಿಸಿದ್ರೆ ಅಸೀಲಾ ಉಳೀತಾಳೆ," ಎಂದ ಟ್ರೆವರ್. ಅವನ ದನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ. "ಆದ್ರೆ ಗೆರೆ ಯಾರದ್ದು ಅಂತ ಅವರು ಕೇಳ್ತಾರೆ. ನಾನಾಗಿ ನಿಮ್ಮ ಹೆಸರು ಹೇಳುವುದಿಲ್ಲ ಬಾಯಿ. ಕೇಳಿದ್ರೆ ಸುಳ್ಳೂ ಹೇಳುವುದಿಲ್ಲ."

ಹಾಗೆ ನೋಡಿದರೆ ಅದು ನ್ಯಾಯದ ಮಾತೇ. ಮಾರ್ಗರೆಟ್ ಬಾಯಿ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಹೊರಗೆ ಅಸೀಲಾ ಕಾಯುತ್ತಿದ್ದಳು. ಮುಖ ತೊಳೆದು, ಶಿರವಸ್ತ್ರ ಸರಿಮಾಡಿಕೊಂಡು, ಎರಡು ದಿನದಲ್ಲಿ ಮೊದಲ ಬಾರಿ ನಗುಮುಖದಲ್ಲಿದ್ದಳು. ಟ್ರೆವರ್ ಒಪ್ಪಿದನೇ ಎಂದು ಕೇಳಿದಳು. ಒಪ್ಪಿದ ಎಂದು ಮಾರ್ಗರೆಟ್ ಬಾಯಿ ಹೇಳಿದರು. ಆಮೇಲೆ, ಸುಮ್ಮನೆ ಕೇಳುವವರಂತೆ, ಒಂದು ಮಾತು ಸೇರಿಸಿದರು.

"ನನ್ನ ಹಳೆ ಗೆರೆಗಳು ಯಾರ ಹತ್ತಿರ ಆದ್ರೂ ಉಂಟಾ ಮಗಾ? ನಿನ್ನ ಹತ್ತಿರ?"

ಅವಳು ಮೇಜಿನ ಮೇಲಿನ ಇಕ್ಕಳವನ್ನು ತೆಗೆದು ಅದರ ಜಾಗದಲ್ಲಿಟ್ಟಳು.

"ಇಲ್ಲ ಆಂಟಿ. ನಾನು ನೋಡಿಯೇ ಇಲ್ಲ."

ಸರಿ ಎಂದರು. ಹುಡುಗಿಯ ಮಾತನ್ನು ನಂಬದಿರಲು ಅವರಿಗೆ ಕಾರಣವೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಮೆಟ್ರೋದಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಯೂನಿಯನ್ ನಿಲ್ದಾಣದಲ್ಲಿ ರೈಲು ಬದಲಿಸಿ ಮನೆ ಕಡೆ ಹೋಗುವಾಗ ಅವರ ಮನಸ್ಸು ಮೆಲ್ಲಗೆ ತಿಳಿಯಾಯಿತು. ಗಾಬರಿಯಾಗುವಂಥದ್ದು ಏನಿದೆ? ಪೆನ್‌ಡ್ರೈವ್ ಡಬ್ಬಿಯಲ್ಲಿ ಭದ್ರವಾಗಿದ್ದರೆ, ಕೊಡುವ ಮೊದಲೇ ಯಾರೋ ಇನ್ನೊಂದು ನಕಲು ಮಾಡಿಕೊಂಡಿದ್ದಾರೆ ಎಂದಾಯಿತು. ಅದನ್ನು ಸಾಹೇಬರಿಗೆ ಹೇಳಿದರೆ ಉಳಿದದ್ದು ಅವರು ನೋಡಿಕೊಳ್ಳುತ್ತಾರೆ. ಅರವತ್ತು ದಾಟಿದ, ಯಾರೊಡನೆಯೂ ದನಿ ಏರಿಸದ ಮನುಷ್ಯ. ಸೋಮವಾರ ಫೋನ್ ಮಾಡಿದಾಗಲೂ ಎಷ್ಟು ಪ್ರೀತಿಯಿಂದ ಮಾತಾಡಿದ್ದರು. ಹೆಣ್ಣು ಮಗುವಿನ ಹೆಸರು ಕೆಡಬಾರದು ಬಾಯಿ, ನೀವೇ ನೋಡಬೇಕು ಎಂದಿದ್ದರು. ನಿಮ್ಮ ಅಲ್ ನಹ್ದಾ ಕಡೆ ಬಾರದೆ ವರ್ಷವಾಯಿತು, ಜೆರಾಲ್ಡ್ ಹೇಗಿದ್ದಾರೆ ಎಂದೂ ವಿಚಾರಿಸಿದ್ದರು. ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ ಎಂದವರು ನಿನ್ನೆಯೂ ಮಾಡಿದ್ದರು.

ಮನೆಯ ಬಾಗಿಲು ತೆರೆಯುವ ಮೊದಲೇ ಹಲಸಿನ ಹಣ್ಣಿನ ಪರಿಮಳ ಮೂಗಿಗೆ ಬಡಿಯಿತು. ಜೆರಾಲ್ಡ್ ದೇರಾದ ಮಾರ್ಕೆಟಿನಿಂದ ಹಣ್ಣು ತಂದು, ಕೈಗೆಲ್ಲ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಿ, ಬಾಳೆಲೆಯಲ್ಲಿ ಕಡುಬಿನಂಥ ಸಿಹಿ ಗಟ್ಟಿ ಬೇಯಿಸಲು ಇಟ್ಟಿದ್ದ. ಮೊಣಕಾಲು ನೋವೆಂದು ಇಗರ್ಜಿಯ ಪೂಜೆಗೆ ಚಕ್ಕರ್ ಹೊಡೆಯುವವನಿಗೆ ಹಲಸು ಹೊರುವಾಗ ಯಾವ ನೋವೂ ಇರುವುದಿಲ್ಲ. ಅದನ್ನು ಹೇಳಿ ಮಾರ್ಗರೆಟ್ ಬಾಯಿ ನಕ್ಕರು. ಅವನೂ ನಕ್ಕ.

ಕಟ್ಟೆಯ ಮೇಲೆ ಅಸೀಲಾಳ ಮನೆಯ ಸ್ಟೀಲ್ ಡಬ್ಬಿ ತೊಳೆದು ಒರೆಸಿ ಇಟ್ಟಿತ್ತು. ಎರಡು ವಾರದ ಹಿಂದಿನ ಶುಕ್ರವಾರ ಅದರ ತುಂಬ ಭಟ್ಕಳದ ಶಾವಿಗೆ ಬಿರಿಯಾನಿ ಬಂದಿತ್ತು. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದುಂಟೇ? ಒಳ್ಳೆಯ ಹಲಸು ಸಿಗಲಿ ಎಂದು ಕಾದು ಕಾದು ಡಬ್ಬಿ ಇಲ್ಲೇ ಉಳಿದಿತ್ತು. ನಾಳೆ ಬೆಳಗ್ಗೆ ಇದನ್ನು ಬಿಸಿಬಿಸಿ ಗಟ್ಟಿಯ ಜೊತೆ ಕೊಡಬೇಕು. ಹುಡುಗಿಗೆ ಒಳ್ಳೆಯ ಸುದ್ದಿಯ ಜೊತೆ ಸಿಹಿಯೂ ಆಯಿತು.

ಚೀಲ ಇಟ್ಟು, ಬಾಲಯೇಸುವಿಗೆ ಶಿಲುಬೆಯ ಗುರುತು ಮಾಡಿ, ಹಿಂದಿನಿಂದ ಡಬ್ಬಿ ತೆಗೆದರು. ಜಪಮಾಲೆ ಇತ್ತು. ತಾಯಿಯ ಉಂಗುರ ಇತ್ತು. ಪೆನ್‌ಡ್ರೈವ್ ಇರಲಿಲ್ಲ.

"ಜೆರಿ, ಇದರಲ್ಲಿದ್ದ ಪೆನ್‌ಡ್ರೈವ್ ಎಲ್ಲಿ?"

"ಅಸೀಲಾನ ಹತ್ತಿರ ಉಂಟಲ್ಲ," ಅಡುಗೆಮನೆಯಿಂದಲೇ ಉತ್ತರ ಬಂತು. "ಬಿರಿಯಾನಿ ತಂದ ದಿನ ತಕೊಂಡು ಹೋದಳು. ನೀನೇ ಕೊಡ್ಲಿಕ್ಕೆ ಹೇಳಿದ್ದಂತೆ."

ಮಾರ್ಗರೆಟ್ ಬಾಯಿ ಸೋಫಾದ ಮೇಲೆ ಕುಳಿತರು. ಆ ಶುಕ್ರವಾರ ಅವರು ಪೂಜೆಗೆ ಹೋಗಿದ್ದರು. ಬಿರಿಯಾನಿ ತಂದದ್ದು ಉಬೈದ್ ಇರಬೇಕೆಂದು ತಾವೇ ಅಂದುಕೊಂಡಿದ್ದರು, ಯಾರು ತಂದರು ಎಂದು ಕೇಳಿಯೂ ಇರಲಿಲ್ಲ. ಆ ದಿನ ತಾರೀಕು ಹದಿನಾಲ್ಕು. ಮುಸಫ್ಫಾದ ಮಾದರಿ ಲ್ಯಾಬ್‌ಗೆ ಬಂದದ್ದೇ ಹದಿನೇಳಕ್ಕೆ. ಲೋಹ ಬರುವ ಮೊದಲೇ ಅದಕ್ಕೊಂದು ಒಳ್ಳೆಯ ಗೆರೆ ಹೊರಟಿತ್ತು.

ನಾನು ನೋಡಿಯೇ ಇಲ್ಲ ಎಂದಿದ್ದಳು. ಇಕ್ಕಳವನ್ನು ಎಷ್ಟು ಜಾಗ್ರತೆಯಿಂದ ಎತ್ತಿಟ್ಟಿದ್ದಳು. ಮಾರ್ಗರೆಟ್ ಬಾಯಿಗೆ ಅಳು ಬರುವಷ್ಟು ನೋವಾಯಿತು. ಇದನ್ನು ಹೇಳಿದರೆ ಹುಡುಗಿ ಮುಳುಗುತ್ತಾಳೆ. ಹೇಳದಿದ್ದರೆ ತನ್ನ ಇಪ್ಪತ್ತನಾಲ್ಕು ವರ್ಷ ಮುಳುಗುತ್ತದೆ. ಆದರೂ ಇಂಥ ಉಪಾಯ ಅವಳೊಬ್ಬಳ ತಲೆಯಲ್ಲಿ ಹುಟ್ಟಿದ್ದೆಂದು ನಂಬಲು ಅವರಿಗೆ ಆಗಲಿಲ್ಲ.

"ಒಬ್ಬಳೇ ಬಂದದ್ದಾ?" ಎಂದು ಕೇಳಿದರು.

"ಮೇಲೆ ಬಂದದ್ದು ಒಬ್ಬಳೇ," ಎಂದ ಜೆರಾಲ್ಡ್, ಗಟ್ಟಿಯ ತಟ್ಟೆ ಹಿಡಿದು ಹೊರಗೆ ಬರುತ್ತಾ. "ಕೆಳಗೆ ಗಾಡಿಯಲ್ಲಿ ಮೊಹಿಯುದ್ದೀನ್ ಸಾಹೇಬರು ಕೂತಿದ್ದರು. ನಾನು ಬಾಲ್ಕನಿಯಿಂದ ಕೈ ಬೀಸಿದೆ. ಅವರೂ ಬೀಸಿದರು."

ಈ ಕಡೆ ಬಾರದೆ ವರ್ಷವಾಯಿತು ಎಂದಿದ್ದರಲ್ಲ. ಸರ್ಟಿಫಿಕೇಟ್ ಅರ್ಜೆಂಟ್ ಎಂದವರೂ ಅವರೇ, ತನ್ನನ್ನು ಕರೆಸಿದವರೂ ಅವರೇ.

ಗಡಿಯಾರದಲ್ಲಿ ಏಳಾಗಿತ್ತು. ಟೀಪಾಯಿಯ ಮೇಲೆ ಮೊಬೈಲ್ ಹೊಡೆದುಕೊಂಡಿತು. ಮಾರ್ಗರೆಟ್ ಬಾಯಿ ನಾಲ್ಕು ರಿಂಗ್ ಕಾದು ಎತ್ತಿದರು.

"ಮಾರ್ಗರೆಟ್ ಬಾಯಿ," ಎಂದಿತು ಅದೇ ಮೆತ್ತಗಿನ, ಅದೇ ಪ್ರೀತಿಯ ದನಿ. "ಏನಾದರೂ ಸಿಕ್ಕಿತಾ?"

ಏನು ಹೇಳುವುದೆಂದು ಅವರು ಯೋಚಿಸುತ್ತಿರುವಾಗಲೇ ಜೆರಾಲ್ಡ್ ತಟ್ಟೆ ಕೆಳಗಿಟ್ಟು, ಫೋನಿನ ಹತ್ತಿರ ಬಾಗಿ, ಮನಸ್ಸು ತುಂಬಿ ಹೇಳಿದ.

"ಸಾಹೇಬರೇ, ಅವತ್ತು ಗೇಟಿನವರೆಗೆ ಬಂದು ಮೇಲೆ ಬಾರದೆ ಹೋದ್ರಲ್ಲ, ನನಗೆ ಬೇಸರ ಉಂಟು."

ಆ ಕಡೆ ಮಾತು ನಿಂತಿತು.